ಉಪ್ಪು-ಸೋಡಾ ನೀರಿನ ಅಧ್ಯಯನ: ಬೆಳಗಾವಿಯ ರೇಡಿಯೇಶನ್ ವಾರ್ಡಿನಲ್ಲಿ ನನ್ನ ಅನುಭವ

ಬಾಯಿ ಮತ್ತು ಗಂಟಲಿನ ಕ್ಯಾನ್ಸರ್ ರೋಗಿಗಳ ಮ್ಯೂಕೋಸೈಟಿಸ್ (ವಿಕಿರಣದಿಂದ ಬಾಯಿಯ ಒಳಪದರ ಉರಿದು ಹುಣ್ಣಾಗುವುದು) ಕುರಿತು ಉಪ್ಪು-ಸೋಡಾ ನೀರನ್ನೇ ಇಟ್ಟುಕೊಂಡು ಅಧ್ಯಯನ ಮಾಡುತ್ತೇನೆ ಎಂದು ನಾನು ಹೇಳಿದಾಗ, "ಇದರಾಗ ಹೊಸದೇನೈತ್ರೀ ಸಿಸ್ಟರ್?" ಎಂದು ಕೇಳದವರಿಲ್ಲ. ಆ ನೀರಿನ ಗುಣ ನಮಗೆಲ್ಲ ಗೊತ್ತಿರುವುದೇ. ವಾರಕ್ಕೆ ಐದು ದಿನದಂತೆ ಆರೇಳು ವಾರ, 60ರಿಂದ 70 ಗ್ರೇವರೆಗೆ (ಗ್ರೇ ಎಂದರೆ ವಿಕಿರಣದ ಪ್ರಮಾಣ ಅಳೆಯುವ ಮಾನ) ನಡೆಯುವ ಚಿಕಿತ್ಸೆಯುದ್ದಕ್ಕೂ ರೋಗಿ ಅದನ್ನು ಬಿಡದೆ ಮುಕ್ಕಳಿಸುವಂತೆ ಮಾಡುವುದು ಹೇಗೆಂಬುದನ್ನು ಮಾತ್ರ ನಮ್ಮಲ್ಲಿ ಯಾರೂ ಲೆಕ್ಕವಿಟ್ಟು ನೋಡಿರಲಿಲ್ಲ.

ಮೊದಲು ಕನ್ನಡದಲ್ಲಿ ಕಿರುಹೊತ್ತಿಗೆ ಮುದ್ರಿಸಿದೆ. ಅದಕ್ಕೆ ನನ್ನ ಕೈಯಿಂದಲೇ ನಾಲ್ಕು ಸಾವಿರದಷ್ಟು ಹೋಯಿತು, ಆದರೆ ಅದು ಹಾಸಿಗೆಯ ಕೆಳಗೇ ಉಳಿಯಿತು. ಮೊಬೈಲಿನಲ್ಲಿ ಅಲಾರಂ ಇಟ್ಟುಕೊಟ್ಟರೆ, ಮೊಬೈಲು ಮಗನ ಜೇಬಿನಲ್ಲಿ ಅಥಣಿಗೋ ಸವದತ್ತಿಗೋ ಹೊರಟುಹೋಗುತ್ತಿತ್ತು. ಮೂರನೆಯ ವಾರ ಬಾಯಿ ಉರಿಯತೊಡಗಿತೆಂದರೆ ಮುಕ್ಕಳಿಸುವುದೂ ನಿಲ್ಲುತ್ತಿತ್ತು. ನಿಜವಾಗಿ ಬೇಕಾಗಿದ್ದದ್ದು ಆಗಲೇ.

ಹೀಗೆ ನಿಲ್ಲಿಸಿದವರೊಡನೆ ಕುಳಿತು ಮಾತನಾಡಿದಾಗ ಎರಡು ವಿಷಯ ತಿಳಿದವು. ಒಬ್ಬೊಬ್ಬರ ಮನೆಯ ಚಮಚ ಒಂದೊಂದು ಅಳತೆಯದ್ದಾಗಿದ್ದರಿಂದ, ಕೆಲವರ ಬಾಟಲಿಯಲ್ಲಿ ಉಪ್ಪು ದುಪ್ಪಟ್ಟಾಗಿ ಹುಣ್ಣಿಗೆ ತಾಗುತ್ತಿತ್ತು. ಅದಕ್ಕಿಂತ ಭಯ ಹುಟ್ಟಿಸಿದ್ದು, ಅಂಗಡಿಯಲ್ಲಿ ಬರೀ "ಸೋಡಾ" ಎಂದು ಕೇಳಿದ ಸಂಬಂಧಿಕರೊಬ್ಬರು ಬಟ್ಟೆ ಒಗೆಯುವ ಸೋಡಾ ತಂದಿದ್ದು. ಬಾಯಿಗೆ ಹೋಗುವ ಮೊದಲೇ ಅದು ನಮ್ಮ ಕಣ್ಣಿಗೆ ಬಿತ್ತು. ಅಂದಿನಿಂದ ಅಡುಗೆ ಸೋಡಾ, ಉಪ್ಪು ಮತ್ತು ಒಂದೇ ಅಳತೆಯ ಸ್ಟೀಲ್ ಚಮಚಗಳನ್ನು ರವಿವಾರ ಪೇಟೆಯಿಂದ ಸಗಟಾಗಿ ನಾನೇ ತರತೊಡಗಿದೆ. ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ತಲೆಸವರಿದ ಒಂದು ಚಮಚ ಉಪ್ಪು, ಒಂದು ಚಮಚ ಸೋಡಾ. ಬಾಟಲಿಗೆ ಅಡ್ಡಲಾಗಿ ನಾಲ್ಕು ಕಡೆ ಪ್ಲಾಸ್ಟರಿನ ಗುರುತು. ಹೊತ್ತು ಮುಳುಗುವುದರೊಳಗೆ ನೀರು ಮೂರನೆಯ ಗುರುತಿಗೆ ಇಳಿದಿರಬೇಕು, ಮಲಗುವ ಹೊತ್ತಿಗೆ ಬಾಟಲಿ ಖಾಲಿಯಾಗಬೇಕು. ಓದು ಬಾರದವರಿಗೂ ಈ ಲೆಕ್ಕ ತಿಳಿಯುತ್ತಿತ್ತು. ಮೃದುವಾದ ಬ್ರಷ್ ಸೇರಿಸಿ ಒಬ್ಬ ರೋಗಿಗೆ ಪೂರ್ತಿ ಚಿಕಿತ್ಸೆಗೆ ನೂರೈವತ್ತು ರೂಪಾಯಿಯ ಆಸುಪಾಸು ತಗುಲಿತು.

ಬಾಟಲಿಯ ಹೊಣೆಯನ್ನು ರೋಗಿಗೆ ಬಿಡದೆ, ಜೊತೆಗೆ ಬಂದ ಹೆಂಡತಿಗೋ ಸೊಸೆಗೋ ಒಪ್ಪಿಸಿದ್ದು ನಮ್ಮ ಕೆಲಸದ ಜೀವಾಳ. ಚಿಕಿತ್ಸೆ ನಡೆದಾಗಲೂ ಗುಟ್ಕಾ ಬಿಡದ ಗಂಡಸರನ್ನು ಅವರ ಮೂಲಕ ಹೇಗೆ ದಾರಿಗೆ ತಂದೆವು ಎಂಬುದನ್ನು ಪ್ರಬಂಧ ಅಚ್ಚಾಗುವವರೆಗೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ನಿಪ್ಪಾಣಿಯ ಸುತ್ತಲಿನ ತಂಬಾಕಿನ ಸೀಮೆಯಿಂದ ಬಂದವರಲ್ಲೂ ಅದು ಫಲ ಕೊಟ್ಟಿತೆಂದಷ್ಟೇ ಹೇಳಬಲ್ಲೆ.

ನಡುವೆ ಜೇನುತುಪ್ಪವನ್ನೂ ನೋಡಿದೆವು. ಅದರ ಪರವಾಗಿ ಪುರಾವೆಗಳಿವೆ, ಆದರೆ ಶುದ್ಧ ಜೇನು ದುಬಾರಿ, ನಮ್ಮ ರೋಗಿಗಳಲ್ಲಿ ಸಕ್ಕರೆ ಕಾಯಿಲೆಯವರೂ ಬಹಳ, ಹಾಗಾಗಿ ಕೈಬಿಟ್ಟೆವು. ಕ್ಲೋರ್‌ಹೆಕ್ಸಿಡಿನ್ ಎಂಬ ಕ್ರಿಮಿನಾಶಕ ಬಾಯಿ ತೊಳೆಯುವ ದ್ರಾವಣ ಸೇರಿಸಿ ಎಂಬ ಸಲಹೆ ಬಂದಾಗ, ವಿಕಿರಣದ ಮ್ಯೂಕೋಸೈಟಿಸ್ ತಡೆಯಲು ಅದನ್ನು ಬಳಸಬೇಡಿ ಎಂಬ ಅಂತರರಾಷ್ಟ್ರೀಯ ಮಾರ್ಗಸೂಚಿಯನ್ನು ತೋರಿಸಿದೆ. ಊಟದ ಪ್ರಯೋಗ ಮಾತ್ರ ಚೆನ್ನಾಗಿ ಫಲಿಸಿತು: ಕಟಕಾದ ಜೋಳದ ರೊಟ್ಟಿ ಹುಣ್ಣಿಗೆ ಗೀರುವುದರಿಂದ, ಅದನ್ನು ಮುರಿದು ಖಾರವಿಲ್ಲದ ಬೇಳೆಕಟ್ಟಿನಲ್ಲಿ ನೆನೆಹಾಕಿಸಿದೆವು, ಮುಂದೆ ಆರಿದ ಅಂಬಲಿಗೆ ಇಳಿಸಿದೆವು. ಅನ್ನ ಒಲ್ಲೆನೆಂದವರೂ ಅದನ್ನು ಕುಡಿದರು.

ಹೋಲಿಸಿ ನೋಡಲು ಹಳೆಯ ರೀತಿಯವರದೊಂದು, ನಮ್ಮ ಬಾಟಲಿಯವರದೊಂದು ಎಂದು ಮಾಡಿದ್ದ ಎರಡೂ ಗುಂಪು ಸೇರಿ ಅರವತ್ತರ ಸುಮಾರು ರೋಗಿಗಳಿದ್ದರು. ವಿಶ್ವ ಆರೋಗ್ಯ ಸಂಸ್ಥೆಯ ಅಳತೆಯಂತೆ ಮೂರನೆಯ ದರ್ಜೆಗೆ, ಅಂದರೆ ದ್ರವಾಹಾರವಷ್ಟೇ ಇಳಿಯುವ ಸ್ಥಿತಿಗೆ ತಲುಪಿದವರು ಹಳೆಯ ರೀತಿಯ ಗುಂಪಿನಲ್ಲಿ ಅರ್ಧದಷ್ಟು, ನಮ್ಮ ಬಾಟಲಿಯ ಗುಂಪಿನಲ್ಲಿ ಮೂರರಲ್ಲೊಂದು ಪಾಲಿಗಿಂತ ಕಡಿಮೆ. ಸಂಖ್ಯೆ ಸಣ್ಣದಾದರೂ, ಬಾಯಿನೋವಿಗೆ ಚಿಕಿತ್ಸೆಯನ್ನು ನಡುವೆಯೇ ಬಿಟ್ಟು ಊರಿಗೆ ಹೋದವರು ನಮ್ಮ ಗುಂಪಿನಲ್ಲಿ ಒಬ್ಬರೂ ಇರಲಿಲ್ಲ ಎಂಬುದು ನನಗೆ ಹೆಮ್ಮೆ. ಮೊದಲು ಒಪ್ಪದಿದ್ದ ಹಿರಿಯರೇ ಈಗ ಚಮಚದ ಖರ್ಚನ್ನು ವಾರ್ಡಿನ ಲೆಕ್ಕಕ್ಕೆ ಹಾಕಿಸಿದ್ದಾರೆ.

ವಿಜಯಪುರ, ಬಾಗಲಕೋಟೆಯ ಗೆಳತಿಯರು ಇದನ್ನು ಮಾಡುವುದಾದರೆ, ದರ್ಜೆ ಗುರುತಿಸುವ ಸಿಸ್ಟರಿಗೆ ರೋಗಿ ಯಾವ ಗುಂಪಿನವರೆಂದು ಗೊತ್ತಿರಬಾರದು. ತಪಾಸಣೆಗೆ ಹೊರಡುವ ಮುನ್ನ ರೋಗಿಯ ಬಾಟಲಿಯನ್ನು ಮಂಚದ ಪಕ್ಕದಿಂದ ತೆಗೆಸಿ.