ಒಂದೇ ಹಾಳೆಯಲ್ಲಿ ಅಶೋಕ: ಅಂಚೆಚೀಟಿ ಜೋಡಿಸುವುದು ಹೀಗೆ

ಡಬ್ಬಿಯಲ್ಲಿ, ಹಳೇ ನೋಟ್‌ಬುಕ್ಕಿನಲ್ಲಿ ಅಂಚೆಚೀಟಿ ಕೂಡಿಟ್ಟವರು ನಮ್ಮಲ್ಲಿ ಬಹಳ. ಅವನ್ನು ನಾಲ್ಕು ಜನ ನೋಡುವಂತೆ ಹಾಳೆಯ ಮೇಲೆ ಕೂರಿಸಿದವರು ಕಡಿಮೆ. ಪ್ರದರ್ಶನಗಳಲ್ಲಿ ಒಂದು ಫ್ರೇಮ್ ಎಂದರೆ ಸಾಮಾನ್ಯವಾಗಿ ಎ4 ಅಳತೆಯ 16 ಹಾಳೆ. ಹೊಸಬರಿಗೆ ಒಂದೇ ಹಾಳೆ ಸಾಕು.

ವಿಷಯ ಕಿರಿದಾಗಿರಲಿ

'ಪಕ್ಷಿಗಳು', 'ಭಾರತದ ಇತಿಹಾಸ' ಎಂದು ಹೊರಟರೆ ಹಾಳೆ ಸಂತೆಯಾಗುತ್ತದೆ. ವಿಷಯವನ್ನು ಒಂದೇ ವಾಕ್ಯದಲ್ಲಿ ಹೇಳಲು ಬರಬೇಕು. ನಮ್ಮ ಸೀಮೆಯಲ್ಲೇ ಒಂದು ಒಳ್ಳೆಯ ವಿಷಯವಿದೆ. ರಾಯಚೂರು ಜಿಲ್ಲೆಯ ಮಸ್ಕಿ, ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡು, ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೇಗೋಳ, ಹೀಗೆ ಮೂರೂ ಜಿಲ್ಲೆಗಳಲ್ಲಿ ಅಶೋಕನ ಶಾಸನಗಳಿವೆ. 1915ರಲ್ಲಿ ಮಸ್ಕಿಯ ಶಾಸನವನ್ನು ಕಂಡವರು ಚಿನ್ನ ಹುಡುಕುತ್ತಿದ್ದ ಇಂಜಿನಿಯರ್ ಬೀಡನ್. ಅದರಲ್ಲಿ ಅಶೋಕನ ಹೆಸರೇ ಇದೆ, ಬೇರೆ ಶಾಸನಗಳ 'ದೇವಾನಾಂಪ್ರಿಯ' ಅವನೇ ಎಂಬುದು ಅದರಿಂದ ಗಟ್ಟಿಯಾಯಿತು. 'ಮಸ್ಕಿಯಲ್ಲಿ ಹೆಸರು ಸಿಕ್ಕ ಅರಸ ಸ್ವತಂತ್ರ ಭಾರತದ ಗುರುತಾದ' ಎಂಬುದೇ ನಮ್ಮ ಹಾಳೆಯ ವಾಕ್ಯವಾಗಲಿ.

ಯಾವುದು ಬೇಕು, ಯಾವುದು ಬೇಡ

ಕಷ್ಟವಿರುವುದು ಇಲ್ಲಿ. ಸ್ವತಂತ್ರ ಭಾರತದ ಮೊದಲ ಅಂಚೆಚೀಟಿ 1947ರ ನವೆಂಬರ್ 21ರಂದು ಬಂತು: ಮೂರೂವರೆ ಆಣೆ, ಅಶೋಕ ಚಕ್ರದ ಧ್ವಜ. ಡಿಸೆಂಬರ್ 15ರಂದು ಒಂದೂವರೆ ಆಣೆಯ ಸಿಂಹಶೀರ್ಷ (ಅಶೋಕ ಸ್ತಂಭದ ತುದಿಯ ಸಿಂಹಗಳು) ಬಂತು. ಎರಡೂ ಬೇಕು. ಅದೇ ಮಾಲಿಕೆಯ 12 ಆಣೆಯ ವಿಮಾನ ಎಷ್ಟು ಚೆಂದವಿದ್ದರೂ ಡಬ್ಬಿಯಲ್ಲೇ ಇರಲಿ. 1949ರ ಪುರಾತತ್ವ ಮಾಲಿಕೆಯಿಂದ ಸಾಂಚಿಯನ್ನು ತೆಗೆದುಕೊಳ್ಳಬಹುದು. ಆದರೆ ಅದರಲ್ಲಿ ಕಾಣುವ ತೋರಣ, ಅಂದರೆ ಕಲ್ಲಿನ ಹೆಬ್ಬಾಗಿಲು, ಅಶೋಕನ ನಂತರದ್ದು, ಮೂಲ ಸ್ತೂಪ ಮಾತ್ರ ಅವನ ಕಾಲದ್ದು. ಇದನ್ನು ಅಡಿಬರಹದಲ್ಲಿ ಹೇಳಿದರೆ ಹಾಳೆಗೆ ತೂಕ, ಹೇಳದಿದ್ದರೆ ತಿಳಿದವರು ಹಿಡಿಯುತ್ತಾರೆ. ಅದೇ ಮಾಲಿಕೆಯ ಗೋಲಗುಮ್ಮಟ ನಮ್ಮ ಕಡೆಯದೆಂದು ಕೈ ಹೋಗುತ್ತದೆ. ಹೋಗಬಾರದು. 1950ರಿಂದ ಬಂದ ಸರ್ಕಾರಿ ಬಳಕೆಯ 'ಸರ್ವಿಸ್' ಚೀಟಿಗಳಲ್ಲೂ ಸಿಂಹಶೀರ್ಷವಿದೆ. ಬಳಸಿದವು ಅಗ್ಗಕ್ಕೆ ಸಿಗುತ್ತವೆ, ಎರಡು ಸಾಕು.

ಇನ್ನು ಮಸ್ಕಿ. ಬಂಡೆಯ ಫೋಟೊ ಅಂಟಿಸಬೇಡಿ, ಅದು ಅಂಚೆಯ ವಸ್ತುವಲ್ಲ. ಒಂದು ಪೋಸ್ಟ್ ಕಾರ್ಡಿಗೆ ನಿಮ್ಮದೇ ವಿಳಾಸ ಬರೆದು ಮಸ್ಕಿಯ ಅಂಚೆ ಕಚೇರಿಗೆ ಹೋಗಿ, 'ಸರ್, ಠಸ್ಸೆ ಸ್ವಲ್ಪ ನಿಚ್ಚಳ ಬೀಳಲಿ' ಎಂದು ಕೇಳಿ ಟಪಾಲಿಗೆ ಕೊಡಿ. ಊರ ಹೆಸರಿನ ಆ ಠಸ್ಸೆಯೇ ಹಾಳೆಯ ಮೊದಲ ಸಾಕ್ಷಿ.

ಜೋಡಣೆ

ಅಂಟಿಸುವ ಮುಂಚೆ ಎಲ್ಲವನ್ನೂ ಬಿಡಿಯಾಗಿ ಇಟ್ಟು ನೋಡಿ. ಕಾರ್ಡು ದೊಡ್ಡದು, ಅದನ್ನು ಕೆಳಗಿಟ್ಟರೆ ಹಾಳೆ ಕಣ್ಣಿಗೆ ಸಮತೂಕವಾಗಿ ಕಾಣುತ್ತದೆ. ಆದರೆ ಕಥೆ ಮಸ್ಕಿಯಿಂದ ಶುರುವಾಗುವುದರಿಂದ ನಾನಾದರೆ ಮೇಲೆಯೇ ಇಡುತ್ತೇನೆ. ಕೆಳಗೆ 1947ರ ಜೋಡಿ, ಅದರ ಕೆಳಗೆ ಉಳಿದವು. ಸುತ್ತ ಎರಡು ಸೆಂಟಿಮೀಟರ್ ಖಾಲಿ ಬಿಡಿ. ಪ್ರತಿ ಚೀಟಿಗೆ ಎರಡು ಸಾಲು: ಒಂದರಲ್ಲಿ ಕಥೆ, ಇನ್ನೊಂದರಲ್ಲಿ ವರ್ಷ, ಮುಖಬೆಲೆ. ಬರಹ ಹಾಳೆಯ ಮೂರನೇ ಒಂದು ಭಾಗ ದಾಟಿದರೆ ಓದುವವರು ಚೀಟಿಯನ್ನೇ ನೋಡುವುದಿಲ್ಲ.

ಕೂರಿಸುವುದು

ಆಮ್ಲರಹಿತ, ತುಸು ದಪ್ಪ ಹಾಳೆ ತನ್ನಿ. ಗೋಂದು, ಸೆಲ್ಲೋಟೇಪ್ ಹತ್ತಿರವೂ ಬರಬಾರದು. ಚೀಟಿಯನ್ನು ಬೆರಳಿಂದಲ್ಲ, ಅದಕ್ಕೆಂದೇ ಇರುವ ಚಪ್ಪಟೆ ತುದಿಯ ಚಿಮಟದಿಂದ ಹಿಡಿಯಿರಿ. ಬಳಸಿದ ಚೀಟಿಗೆ ಹಿಂಜ್ (ಹಿಂದೆ ಮಡಚಿ ಹಚ್ಚುವ ಪುಟ್ಟ ಕಾಗದದ ಪಟ್ಟಿ), ಬಳಸದೆ ಗೋಂದು ಹಾಗೇ ಇರುವುದಕ್ಕೆ ಮೌಂಟ್ (ಚೀಟಿಯನ್ನು ಒಳಗೆ ಕೂರಿಸುವ ಪಾರದರ್ಶಕ ಕವಚ). ಮೌಂಟನ್ನು ಚೀಟಿಗಿಂತ ಒಂದೆರಡು ಮಿಲಿಮೀಟರ್ ದೊಡ್ಡದಾಗಿ ಕತ್ತರಿಸಿದರೆ ಅಂಚಿನ ಹಲ್ಲುಗಳು ಮುರಿಯವು. ಕಾರ್ಡಿಗೆ ಮೂಲೆಗಳನ್ನು ಹಿಡಿಯುವ ನಾಲ್ಕು ಫೋಟೊ ಕಾರ್ನರ್.

ಮುಗಿದ ಹಾಳೆಯನ್ನು ಪಾಲಿಯೆಸ್ಟರ್ ಕವರಿನಲ್ಲಿ ಇಡಿ, ಪಿವಿಸಿ ಬೇಡ. ನಮ್ಮ ಬಿಸಿಲಿನ ಬಗ್ಗೆ ಬೇರೆ ಹೇಳಬೇಕಿಲ್ಲ. ಕಿಟಕಿಯ ಎದುರಿನ ಗೋಡೆಗೆ ತೂಗುಹಾಕಿದರೆ ಬಣ್ಣ ಹಾರುತ್ತದೆ. ಮಳೆಗಾಲದಲ್ಲಿ ಹಾಳೆಗಳನ್ನು ಒಂದರ ಮೇಲೊಂದು ಒತ್ತಿ ಇಡದೆ ನಿಲ್ಲಿಸಿಡಿ, ಇಲ್ಲವಾದರೆ ತೇವಕ್ಕೆ ಗೋಂದು ಅಂಟಿಕೊಳ್ಳುತ್ತದೆ.

ಮನೆಯಲ್ಲಿ 6ರಿಂದ 9ನೇ ತರಗತಿಯ ಮಕ್ಕಳಿದ್ದರೆ ಅಂಚೆ ಇಲಾಖೆಯ ದೀನದಯಾಳ್ ಸ್ಪರ್ಶ್ ವಿದ್ಯಾರ್ಥಿವೇತನದ ಬಗ್ಗೆಯೂ ಪ್ರಧಾನ ಅಂಚೆ ಕಚೇರಿಯಲ್ಲಿ ವಿಚಾರಿಸಿ. ಅದರಲ್ಲಿ ರಸಪ್ರಶ್ನೆಯ ಜೊತೆ ಅಂಚೆಚೀಟಿ ಪ್ರಾಜೆಕ್ಟೂ ಇದೆ. ಇಂಥ ಒಂದು ಹಾಳೆ ಮಾಡಿದ ಮಗುವಿಗೆ ಅದು ಹೊಸತೆನಿಸದು.