ಊರಲ್ಲೇ ಸಾಮೆ ಅಕ್ಕಿ: ಸಂಘದ ಘಟಕ ನಡೆಸುವ ಬಗೆ

ನಮ್ಮ ಹೊಲಗಳಿಂದ ಸಾಮೆ, ನವಣೆ ದೂರವಾಗಲು ಒಂದು ದೊಡ್ಡ ಕಾರಣ ಒನಕೆ. ಜೋಳ, ರಾಗಿಯನ್ನು ನೇರ ಹಿಟ್ಟಿನ ಗಿರಣಿಗೆ ಸುರಿಯಬಹುದು. ಸಾಮೆ, ನವಣೆ, ಊದಲು, ಹಾರಕ, ಬರಗು, ಕೊರಲೆಗಾದರೆ ಸಿಪ್ಪೆ ಬಿಡಿಸಿ ಅಕ್ಕಿ ಮಾಡಲೇಬೇಕು. ಕುಟ್ಟುವುದು, ಕೇರುವುದು ಎಲ್ಲ ಹೆಂಗಸರ ರಟ್ಟೆಯ ಮೇಲೆ ಬೀಳುತ್ತಿತ್ತು. ಯಂತ್ರ ಊರಿಗೆ ಬಂದರೆ ಬಿತ್ತನೆಯೂ ಮರಳಿ ಬರುತ್ತದೆ. ಧಾರವಾಡ ಜಿಲ್ಲೆ ಕುಂದಗೋಳ ತಾಲೂಕಿನ ತೀರ್ಥ ಗ್ರಾಮದ ಬೀಬಿ ಫಾತಿಮಾ ಮಹಿಳಾ ಸ್ವಸಹಾಯ ಸಂಘ ಬೀಜ ಬ್ಯಾಂಕ್ ಜೊತೆಗೆ ಸಿರಿಧಾನ್ಯ ಘಟಕವನ್ನೂ ನಡೆಸುತ್ತದೆ. 2025ರಲ್ಲಿ ಅವರಿಗೆ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಬಂತು. ಬೀಜ ಮತ್ತು ಯಂತ್ರ ಒಂದೇ ಕಡೆ ಇರುವುದು ಎಷ್ಟು ಮುಖ್ಯ ಎಂಬುದು ಈ ಕೆಲಸ ಮಾಡುವವರಿಗೆ ಚೆನ್ನಾಗಿ ಗೊತ್ತು.

ಯಂತ್ರಗಳ ಸಾಲು ಹೀಗೆ: ಮೊದಲು ಜರಡಿ, ಆಮೇಲೆ ಕಲ್ಲು ತೆಗೆಯುವ ಡಿಸ್ಟೋನರ್, ನಂತರ ಸಿಪ್ಪೆ ಬಿಡಿಸುವ ಹಲ್ಲರ್, ಕೊನೆಗೆ ಮತ್ತೆ ಜರಡಿ. ದುಡ್ಡು ಉಳಿಸಲು ಮೊದಲ ಜರಡಿ ಬಿಟ್ಟರೆ ಡಿಸ್ಟೋನರ್ ಕೆಲಸ ಕೊಡುವುದಿಲ್ಲ. ಅದು ಗಾಳಿಯ ಮೇಲೆ ಹಗುರವಾದದ್ದನ್ನು ತೇಲಿಸಿ, ಭಾರದ ಕಲ್ಲನ್ನು ಅಲುಗುವ ಓರೆ ಜಾಲರಿಯ ಮೇಲ್ತುದಿಗೆ ಹತ್ತಿಸುತ್ತದೆ. ದಪ್ಪ ಕಾಳು, ಸಣ್ಣ ಕಾಳು ಬೆರೆತಿದ್ದರೆ ಸಣ್ಣ ಕಲ್ಲು ಕಾಳಿನ ಜೊತೆಗೇ ಇಳಿಯುತ್ತದೆ. ರಸ್ತೆಯ ಮೇಲೆ ಒಕ್ಕಿದ ಸಾಮೆಯಲ್ಲಿ ಈ ತೊಂದರೆ ಹೆಚ್ಚು, ಅದಕ್ಕೇ ಟಾರ್ಪಾಲಿನ ಮೇಲೆ ಒಕ್ಕಲು ರೈತರಿಗೆ ಮೊದಲೇ ಹೇಳಿಡುತ್ತೇವೆ.

ಹಲ್ಲರ್‌ಗೆ ಹಾಕುವ ಮೊದಲು ತೇವ ನೋಡಬೇಕು. ಶೇ 10ರಿಂದ 12 ಇದ್ದರೆ ಸರಿ. ಮೀಟರ್ ಇಲ್ಲದಿದ್ದರೆ ನಾಲ್ಕು ಕಾಳು ಹಲ್ಲಲ್ಲಿ ಕಡಿಯಿರಿ: ಕಟ್ ಎಂದು ಮುರಿಯಬೇಕು. ಮೆತ್ತಗಾಗಿ ಚಪ್ಪಟೆಯಾದರೆ ಇನ್ನೂ ಒಂದು ಬಿಸಿಲು ಬೇಕು. ತೇವ ಇದ್ದರೆ ಸಿಪ್ಪೆ ಅಂಟಿಕೊಳ್ಳುತ್ತದೆ. ಅತಿಯಾಗಿ ಒಣಗಿದ್ದರೆ ನುಚ್ಚು ಹೆಚ್ಚು.

ನಾವು ಬಳಸುವುದು ಕಾಳನ್ನು ಬಡಿದು ಸಿಪ್ಪೆ ಬಿಡಿಸುವ ಹಲ್ಲರ್. ತಿರುಗುವ ತಟ್ಟೆ ಕಾಳನ್ನು ಒಳಗೋಡೆಗೆ ಎಸೆಯುತ್ತದೆ, ಹೊಡೆತಕ್ಕೆ ಸಿಪ್ಪೆ ಬಿಡುತ್ತದೆ, ತೌಡು ಬಹುಪಾಲು ಅಕ್ಕಿಯಲ್ಲೇ ಉಳಿಯುತ್ತದೆ. ಕಾಳು ಸಣ್ಣದಾದಷ್ಟು ವೇಗ ಜಾಸ್ತಿ ಬೇಕು. ಸಂಜೆ ವೋಲ್ಟೇಜ್ ಇಳಿದಾಗ ಮೋಟಾರ್ ನಿಧಾನವಾಗಿ ಸಿಪ್ಪೆ ಕಾಳು, ಅಂದರೆ ಸಿಪ್ಪೆ ಬಿಡದೇ ಉಳಿದ ಕಾಳು, ಏಕಾಏಕಿ ಹೆಚ್ಚುತ್ತದೆ. ಆಗ ಯಂತ್ರ ನಿಲ್ಲಿಸುವುದೇ ಲಾಭ. ವೋಲ್ಟೇಜ್ ಸರಿಯಿದ್ದೂ ಸಿಪ್ಪೆ ಕಾಳು ದಿನದಿನಕ್ಕೆ ಏರುತ್ತಿದ್ದರೆ ಒಳಗೋಡೆಯ ಹೊದಿಕೆಯಾದ ಲೈನರ್ ಸವೆದಿದೆ ಎಂದರ್ಥ, ಅಥವಾ ಬೆಲ್ಟ್ ಸಡಿಲವಾಗಿದೆ.

ಪ್ರತಿ ಚೀಲಕ್ಕೂ ಒಂದು ಚಮಚ ಅಕ್ಕಿಯನ್ನು ಕಪ್ಪು ಬಟ್ಟೆಯ ಮೇಲೆ ಹರಡಿ, ಸಿಪ್ಪೆ ಕಾಳು ಎಣಿಸುತ್ತೇವೆ. ಹೆಚ್ಚಿದ್ದರೆ ಇಡೀ ಅಕ್ಕಿಯನ್ನು ಮತ್ತೆ ಹಲ್ಲರ್‌ಗೆ ಸುರಿಯಬಾರದು. ಹೊಸಬರು ಮಾಡುವ ದೊಡ್ಡ ತಪ್ಪು ಇದೇ. ಆಗಲೇ ಅಕ್ಕಿಯಾದದ್ದು ಎರಡನೇ ಹೊಡೆತಕ್ಕೆ ಪುಡಿಯಾಗುತ್ತದೆ. ಜರಡಿಯಲ್ಲಿ ಸಿಪ್ಪೆ ಕಾಳನ್ನು ಬೇರೆ ಮಾಡಿ, ಅದನ್ನಷ್ಟೇ ಮತ್ತೆ ಹಾಕಬೇಕು. ಹಾರಕಕ್ಕೆ ಹೊಟ್ಟಿನ ಪದರ ಹೆಚ್ಚು, ಎರಡು ಮೂರು ಸಲ ಬೇಕೇ ಬೇಕು. ಕೊಯ್ಲಿನಲ್ಲಿ ಮಳೆಗೆ ನೆನೆದು ಬೂಸ್ಟು ಹಿಡಿದ ಹಾರಕವನ್ನು ಯಾರೇ ತಂದರೂ ತೆಗೆದುಕೊಳ್ಳಬೇಡಿ; ಆ ಬೂಸ್ಟಿನ ವಿಷಕ್ಕೆ ತಲೆಸುತ್ತು, ವಾಂತಿ ಬರುತ್ತದೆ.

ಲೆಕ್ಕ ತಪ್ಪುವುದು ದರ ಕಟ್ಟುವಾಗ. 100 ಕಿಲೋ ಸಾಮೆಯಿಂದ 60 ಕಿಲೋ ಅಕ್ಕಿ ಬಂತು ಎನ್ನಿ. ಕಾಳಿಗೆ ಕಿಲೋಗೆ 40 ರೂಪಾಯಿ ಕೊಟ್ಟಿದ್ದರೆ ಅಕ್ಕಿಯ ಅಸಲೇ 66 ರೂಪಾಯಿ 67 ಪೈಸೆ. ಕೂಲಿ, ಕರೆಂಟು, ಚೀಲ, ಲೈನರ್ ಖರ್ಚು ಇನ್ನೂ ಸೇರಿಲ್ಲ. 40ರ ಮೇಲೆ 20 ಏರಿಸಿ 60ಕ್ಕೆ ಮಾರಿದವರು ಪ್ರತಿ ಕಿಲೋಗೂ ಕೈಯಿಂದ ಹಾಕುತ್ತಿದ್ದಾರೆ. ಆದ್ದರಿಂದ ಪ್ರತಿ ಲಾಟಿಗೂ ಬಂದ ಕಾಳು, ಅಕ್ಕಿ, ನುಚ್ಚು, ಹೊಟ್ಟು ನಾಲ್ಕನ್ನೂ ತೂಗಿ ಪುಸ್ತಕಕ್ಕೆ ಬರೆಯಲೇಬೇಕು. ರೈತರಿಗೆ ಕೂಲಿಗೆ ಮಾಡಿಕೊಡುವಾಗ ತಂದ ಕಾಳಿನ ತೂಕಕ್ಕೆ ದರ ಹಿಡಿಯಿರಿ. ಅಕ್ಕಿಯ ತೂಕಕ್ಕೆ ಹಿಡಿದರೆ ಜೊಳ್ಳು ಕಾಳಿನ ನಷ್ಟ ಸಂಘದ ತಲೆಗೆ ಬರುತ್ತದೆ. ನುಚ್ಚನ್ನು ಇಡ್ಲಿ ರವೆಯಾಗಿ ಬೇರೆ ಮಾರಬಹುದು.

ಅಕ್ಕಿ ಮಾಡಿ ಗುಡ್ಡೆ ಹಾಕಬೇಡಿ. ಸಿಪ್ಪೆಯೊಳಗಿನ ಸಾಮೆ ವರ್ಷಗಟ್ಟಲೆ ಕೆಡುವುದಿಲ್ಲ. ತೌಡುಳ್ಳ ಅಕ್ಕಿ ಎರಡು ಮೂರು ತಿಂಗಳಿಗೇ ಕಮಟು ಹಿಡಿಯುತ್ತದೆ, ಏಕೆಂದರೆ ತೌಡಿನಲ್ಲಿ ಎಣ್ಣೆಯಿದೆ. ವಾರದ ಬೇಡಿಕೆ ನೋಡಿ ಅಷ್ಟೇ ಮಾಡಿಸಿ, ಪೊಟ್ಟಣದ ಮೇಲೆ ಅಕ್ಕಿ ಮಾಡಿದ ದಿನಾಂಕ ಹಾಕಿ.

ಧಾನ್ಯ ಬದಲಿಸುವಾಗ ಯಂತ್ರವನ್ನು ಪೂರ್ತಿ ಗುಡಿಸಿ, ಹೊಸ ಧಾನ್ಯದ ಮೊದಲ ಒಂದೆರಡು ಕಿಲೋ ಬೇರೆ ತೆಗೆದಿಡಬೇಕು. ಬಿತ್ತನೆ ಬೀಜವನ್ನಂತೂ ಹೊಲದಲ್ಲೇ, ಕೊಯ್ಲಿಗೆ ಮೊದಲು, ಒಳ್ಳೆಯ ತೆನೆ ಆರಿಸಿ ಕಟ್ಟಿಡಬೇಕು; ಆ ಚೀಲ ಯಂತ್ರದ ಕೋಣೆಯೊಳಗೆ ಬರಲೇಬಾರದು.