ಕೋವಿಯ ಮೂಲ ಪೆಟ್ಟಿಗೆ: ನಾನು ಏನನ್ನು ಉಳಿಸಿದೆ, ಏನನ್ನು ಬಿಟ್ಟೆ

ಕೊಡಗಿನಲ್ಲಿ ಕೋವಿಯಿರುವ ಮನೆಗಳು ಬೇಕಾದಷ್ಟಿವೆ, ಆದರೆ ಕೋವಿಯ ಜೊತೆಗೆ ಅಂಗಡಿಯಿಂದ ಬಂದ ಪೆಟ್ಟಿಗೆಯನ್ನು ಇಂದಿಗೂ ಇಟ್ಟುಕೊಂಡಿರುವ ಮನೆಗಳು ಬಹಳ ಕಡಿಮೆ. ಪರವಾನಗಿಯಿಲ್ಲದೆ ಕೋವಿ ಇಟ್ಟುಕೊಳ್ಳಲು 1861ರಲ್ಲಿ ಬ್ರಿಟಿಷ್ ಆಡಳಿತ ಕೊಟ್ಟ ವಿನಾಯಿತಿ ಮುಂದುವರಿಯುತ್ತಾ ಬಂದು, 2019ರ ಕೇಂದ್ರ ಅಧಿಸೂಚನೆಯಂತೆ 2029ರವರೆಗೆ ಕೊಡವರಿಗೂ ಜಮ್ಮಾ (ವಂಶಪಾರಂಪರ್ಯದ ಭೂಮಿ) ಹಿಡುವಳಿದಾರರಿಗೂ ಅನ್ವಯಿಸುತ್ತಿರುವುದರಿಂದ, ಕೋವಿಗಳು ತಲೆಮಾರಿನಿಂದ ತಲೆಮಾರಿಗೆ ಮನೆಯೊಳಗೇ ಉಳಿದವು. ಪೆಟ್ಟಿಗೆಗಳಿಗೆ ಆ ಭಾಗ್ಯ ಬರಲಿಲ್ಲ. ಕೆಲವು ಅಟ್ಟದ ಮೇಲೆ ಗೆದ್ದಲಿಗೆ ಆಹಾರವಾದವು, ಕೆಲವು ಕಾಫಿ ತೋಟದ ಕತ್ತಿ ಗರಗಸಗಳನ್ನು ತುಂಬುವ ಡಬ್ಬಿಗಳಾದವು. ನಮ್ಮ ಮನೆಯ ಕೋವಿಗಳ ಉಸ್ತುವಾರಿ ನನ್ನ ಕೈಗೆ ಬಂದ ಮೇಲೆ, ಮೂಲ ಪೆಟ್ಟಿಗೆಯನ್ನು ಇಟ್ಟುಕೊಳ್ಳಬೇಕೇ ಬೇಡವೇ ಎಂದು ಹಲವರು ನನ್ನನ್ನು ಕೇಳಿದ್ದಾರೆ. ಅವರಿಗೆಲ್ಲ ನಾನು ಹೇಳುತ್ತಾ ಬಂದಿರುವುದು ಒಂದೇ: ಪೆಟ್ಟಿಗೆಯನ್ನು ಖಂಡಿತವಾಗಿ ಇಟ್ಟುಕೊಳ್ಳಿ, ಆದರೆ ಕೋವಿಯನ್ನು ಅದರೊಳಗೆ ಇಡಬೇಡಿ.

ನನ್ನ ಕೈಯಲ್ಲಿರುವುದು ಎರಡು ಬಗೆಯ ಪೆಟ್ಟಿಗೆ. ಮೊದಲನೆಯದು ಬರ್ಮಿಂಗ್‌ಹ್ಯಾಮ್‌ನ ಡಬ್ಲ್ಯು. ಡಬ್ಲ್ಯು. ಗ್ರೀನರ್ ತಯಾರಿಸಿದ 12 ಬೋರ್ (ನಳಿಗೆಯ ಗಾತ್ರ) ಜೋಡುನಳಿಗೆ ಕೋವಿಯದು. ಓಕ್ ಮರದ ಚೌಕಟ್ಟಿನ ಮೇಲೆ ದಪ್ಪ ಚರ್ಮ ಹೊದಿಸಿ, ಮೂಲೆಗಳಿಗೆ ಹಿತ್ತಾಳೆ ಬಡಿದು, ಒಳಗೆ ಕೆಂಪು ಉಣ್ಣೆಬಟ್ಟೆ ಅಂಟಿಸಿದ ಪೆಟ್ಟಿಗೆ ಅದು. ಮುಚ್ಚಳದ ಒಳಬದಿಯಲ್ಲಿ ಮದ್ರಾಸಿನ ಪಿ. ಓರ್ (P. Orr) ಅಂಡ್ ಸನ್ಸ್ ಅಂಗಡಿಯ ಚೀಟಿ ಅಂಟಿಕೊಂಡಿದೆ. ಗಡಿಯಾರಗಳಿಗೆ ಹೆಸರಾಗಿದ್ದ ಆ ಅಂಗಡಿಯೇ ಕೋವಿಗಳನ್ನೂ ಮಾರುತ್ತಿತ್ತೆಂಬುದು ಈಗಿನವರಿಗೆ ಅಷ್ಟಾಗಿ ಗೊತ್ತಿಲ್ಲ. ಎರಡನೆಯದು ಸರ್ಕಾರಿ ಶಸ್ತ್ರ ಕಾರ್ಖಾನೆಯಾದ ಇಂಡಿಯನ್ ಆರ್ಡ್‌ನನ್ಸ್ ಫ್ಯಾಕ್ಟರಿಯ ಜೋಡುನಳಿಗೆ ಕೋವಿ ಬಂದಿದ್ದ ಸಾಧಾರಣ ರಟ್ಟಿನ ಪೆಟ್ಟಿಗೆ. ಮೊದಲನೆಯದನ್ನು ಯಾರು ನೋಡಿದರೂ ಉಳಿಸಿಕೊಳ್ಳಿ ಎನ್ನುತ್ತಾರೆ. ಎರಡನೆಯದನ್ನು ನೋಡಿದವರು ಒಲೆಗೆ ಹಾಕಿ ಎನ್ನುತ್ತಾರೆ. ಎರಡಕ್ಕೂ ನಾನು ಒಂದೇ ಪ್ರಶ್ನೆ ಹಾಕಿಕೊಂಡೆ: ಈ ಪೆಟ್ಟಿಗೆ ಕೋವಿಯ ಬಗ್ಗೆ ಏನನ್ನು ಹೇಳುತ್ತದೆ, ಕೋವಿಗೆ ಏನನ್ನು ಮಾಡುತ್ತದೆ?

ಕೋವಿಗೆ ಏನು ಮಾಡುತ್ತದೆ ಎಂಬುದನ್ನು ಮೊದಲು ಹೇಳುತ್ತೇನೆ, ಏಕೆಂದರೆ ಹಾನಿಯಾಗುವುದು ಅಲ್ಲಿಯೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಬಟ್ಟೆಯೂ ಪುಸ್ತಕವೂ ಬೂಷ್ಟು ಹಿಡಿಯುತ್ತವೆ. ಕಕ್ಕಡ ತಿಂಗಳ (ಜುಲೈ–ಆಗಸ್ಟ್) ಮಳೆಯಲ್ಲಿ ಗೋಡೆಯೇ ಬೆವರುತ್ತದೆ. ಉಣ್ಣೆಬಟ್ಟೆಯೂ ಚರ್ಮವೂ ಗಾಳಿಯಲ್ಲಿನ ತೇವವನ್ನು ಹೀರಿ ಹಿಡಿದಿಟ್ಟುಕೊಳ್ಳುವ ವಸ್ತುಗಳು. ಮುಚ್ಚಳ ಹಾಕಿದ ಪೆಟ್ಟಿಗೆಯಲ್ಲಿ ಆ ತೇವ ಹೊರಗೆ ಹೋಗಲು ದಾರಿಯಿಲ್ಲದೆ ಉಕ್ಕಿಗೇ ಅಂಟಿಕೊಂಡಿರುತ್ತದೆ. ಚರ್ಮ ಹದಮಾಡಲು ಬಳಸಿದ ಒಗರಿನಲ್ಲಿ ಆಮ್ಲದ ಅಂಶವಿರುತ್ತದೆ. ಓಕ್ ಮರವಂತೂ ಎಷ್ಟು ಹಳೆಯದಾದರೂ ಅಸಿಟಿಕ್ ಆಮ್ಲದ ಆವಿಯನ್ನು ಸಣ್ಣಗೆ ಬಿಡುತ್ತಲೇ ಇರುತ್ತದೆ, ಅದು ಸೀಸಕ್ಕೂ ಉಕ್ಕಿಗೂ ಕೆಟ್ಟದ್ದು. ವಸ್ತುಸಂಗ್ರಹಾಲಯದವರು ಲೋಹದ ವಸ್ತುಗಳನ್ನು ಓಕ್ ಕಪಾಟಿನಲ್ಲಿಡಲು ಹಿಂಜರಿಯುವುದು ಇದೇ ಕಾರಣಕ್ಕೆ.

ನೆಂಟರೊಬ್ಬರು ತಮ್ಮ ಕೋವಿಯನ್ನು ಚೆನ್ನಾಗಿ ಒರೆಸಿ, ಎಣ್ಣೆ ಹಚ್ಚಿ, ಅದರ ಚರ್ಮದ ಪೆಟ್ಟಿಗೆಯಲ್ಲಿ ಮಲಗಿಸಿ ಒಂದು ಮಳೆಗಾಲ ಹಾಗೆಯೇ ಬಿಟ್ಟಿದ್ದರು. ಅದನ್ನು ತೆರೆಯುವಾಗ ನಾನೂ ಅಲ್ಲಿದ್ದೆ. ಮೇಲಿನಿಂದ ನೋಡಿದರೆ ನಳಿಗೆ ಹೊಳೆಯುತ್ತಿತ್ತು. ಎತ್ತಿ ತಿರುಗಿಸಿದಾಗ, ಬಟ್ಟೆಗೆ ತಾಗಿಕೊಂಡಿದ್ದ ಅಡಿಭಾಗದಲ್ಲಿ ಕಂದು ಬಣ್ಣದ ಸಣ್ಣ ಸಣ್ಣ ಚುಕ್ಕೆಗಳು ಸಾಲಾಗಿ ಮೂಡಿದ್ದವು, ಆ ಬಟ್ಟೆಯ ನೇಯ್ಗೆಯೇ ಉಕ್ಕಿನ ಮೇಲೆ ಅಚ್ಚಾದಂತೆ. ನುಣುಪಾದ ಉಕ್ಕಿನ ಎಳೆಗೆ ಎಣ್ಣೆ ಮುಟ್ಟಿಸಿ ಮೆಲ್ಲಗೆ ಉಜ್ಜಿ ತುಕ್ಕನ್ನು ತೆಗೆಯಬಹುದಾಗಿತ್ತು, ತೆಗೆದೆವು. ಆದರೆ ಕೆಳಗೆ ಉಳಿದ ಗುಳಿಗಳು ಹೋಗುವುದಿಲ್ಲ, ಹೋದ ಕಪ್ಪು ಹೊಳಪು ತಾನಾಗಿ ಮರಳುವುದಿಲ್ಲ. ಈಗಿನ ಪ್ಲಾಸ್ಟಿಕ್ ಕೇಸುಗಳ ಸ್ಪಂಜು ಇನ್ನೂ ಕೆಟ್ಟದ್ದು: ಉಣ್ಣೆಬಟ್ಟೆ ಗಾಳಿಗಿಟ್ಟರೆ ಒಣಗುತ್ತದೆ, ಸ್ಪಂಜಿನ ಒಡಲೊಳಗಿನ ನೀರು ಒಣಗಲು ದಿನಗಳೇ ಬೇಕು. ಹತ್ತಾರು ವರ್ಷ ಕಳೆದರೆ ಕೆಲವು ಸ್ಪಂಜುಗಳು ತಾವೇ ಕರಗಿ ಜಿಗುಟಾಗಿ ಉಕ್ಕಿಗೂ ಮರಕ್ಕೂ ಅಂಟಿಕೊಳ್ಳುತ್ತವೆ.

ಆದ್ದರಿಂದ ನಮ್ಮ ಕೋವಿಗಳು ವರ್ಷವಿಡೀ ಇರುವುದು ಗೋಡೆಗೆ ಬೋಲ್ಟ್ ಹಾಕಿ ಕೂರಿಸಿದ, ಬೀಗವಿರುವ ಉಕ್ಕಿನ ಕಪಾಟಿನಲ್ಲಿ. ಕೋವಿಯನ್ನು ಭದ್ರವಾಗಿ ಬೀಗದೊಳಗೆ ಇಡಬೇಕೆಂಬುದು 2016ರ ಶಸ್ತ್ರಾಸ್ತ್ರ ನಿಯಮಗಳ ಅಪೇಕ್ಷೆಯೂ ಹೌದು, ಚರ್ಮದ ಪೆಟ್ಟಿಗೆಯ ಹಿತ್ತಾಳೆ ಬೀಗ ಯಾವ ಕಳ್ಳನನ್ನೂ ತಡೆಯುವಂಥದ್ದಲ್ಲ. ಕಪಾಟಿನೊಳಗೆ ತೇವಮಾಪಕವೊಂದಿದೆ. ಸಾಪೇಕ್ಷ ಆರ್ದ್ರತೆ ಐವತ್ತರ ಆಸುಪಾಸಿನಲ್ಲಿರುವಂತೆ ಸಿಲಿಕಾ ಜೆಲ್ ಇಡುತ್ತೇನೆ. ಅದರ ಬಣ್ಣ ಬದಲಾದಾಗ ತಟ್ಟೆಯಲ್ಲಿ ಹರಡಿ ಓವನ್ನಿನಲ್ಲಿ ಕಾಯಿಸಿದರೆ ಮತ್ತೆ ಕೆಲಸಕ್ಕೆ ಬರುತ್ತದೆ. ಕೋವಿಗಳನ್ನು ನಳಿಗೆಯ ಬಾಯಿ ಕೆಳಗಾಗುವಂತೆ ನಿಲ್ಲಿಸುತ್ತೇನೆ, ಇಲ್ಲವಾದರೆ ಹೆಚ್ಚಾದ ಎಣ್ಣೆ ಮೆಲ್ಲಗೆ ಇಳಿದು ಮರದ ಹಿಡಿಯ ತಲೆಭಾಗಕ್ಕೆ ಸೇರಿ ಅದನ್ನು ಮೆತ್ತಗೆ ಮಾಡುತ್ತದೆ. ತೋಟಾಗಳು ಬೇರೆ ಬೀಗದಲ್ಲಿರುತ್ತವೆ. ಹಳೆಯ ಪೆಟ್ಟಿಗೆಯ ಒಂದು ಖಾನೆಯಲ್ಲಿ ತೋಟಾ ಇಡಲು ಜಾಗವಿದ್ದರೂ ಅದನ್ನು ಖಾಲಿ ಬಿಟ್ಟಿದ್ದೇನೆ.

ಇನ್ನು ಪೆಟ್ಟಿಗೆ ಏನು ಹೇಳುತ್ತದೆ ಎಂಬ ಮಾತು. ಗ್ರೀನರ್ ಪೆಟ್ಟಿಗೆಯ ಮುಚ್ಚಳದಲ್ಲಿ ಅಂಗಡಿಯ ಚೀಟಿಯ ಪಕ್ಕಕ್ಕೇ ಇನ್ನೊಂದು ಸಣ್ಣ ಕಾರ್ಡು ಇದೆ. ಈ ಕೋವಿಗೆ ಎಷ್ಟು ಮದ್ದು, ಎಷ್ಟು ಚರೆ (ಸಣ್ಣ ಗುಂಡುಗಳು), ಎಷ್ಟುದ್ದದ ತೋಟಾ ಎಂದು ಅದರಲ್ಲಿ ಬರೆದಿದೆ: 1⅛ ಔನ್ಸ್ ಚರೆ, ಎರಡೂವರೆ ಇಂಚಿನ ತೋಟಾ, ಅಂದರೆ ಇಂದು 65 ಮಿಲಿಮೀಟರ್ ಎಂದು ಕರೆಯುವುದು. ಇಂದು ಮಾರುಕಟ್ಟೆಯಲ್ಲಿ 70 ಮಿಲಿಮೀಟರ್ ತೋಟಾಗಳೂ ಸಿಗುತ್ತವೆ, ಅವು ಈ ಕೋವಿಯೊಳಗೆ ಯಾವ ಅಡ್ಡಿಯೂ ಇಲ್ಲದೆ ಕೂರುತ್ತವೆ, ಕೋವಿ ಮುಚ್ಚಿಯೂ ಮುಚ್ಚುತ್ತದೆ. ಏಕೆಂದರೆ ತೋಟಾದ ಮೇಲೆ ಬರೆದ ಉದ್ದವು ಗುಂಡು ಹಾರಿ ಅದರ ಮಡಿಕೆ ಬಿಚ್ಚಿಕೊಂಡ ಮೇಲಿನ ಉದ್ದ. ಹಾರಿಸಿದಾಗ ಆ ಮಡಿಕೆ ನಳಿಗೆಯ ಕಿರಿದಾದ ಭಾಗದೊಳಗೆ ಬಿಚ್ಚಿಕೊಂಡು ದಾರಿಯನ್ನು ಬಿಗಿಮಾಡುತ್ತದೆ, ಒತ್ತಡ ಏರುತ್ತದೆ. ನಳಿಗೆ ಒತ್ತಡ ತಾಳುತ್ತದೆಯೇ ಎಂದು ಪರೀಕ್ಷಿಸಿ ಅದರ ಅಡಿಯಲ್ಲಿ ಒತ್ತಿದ ಪರೀಕ್ಷಾ ಮುದ್ರೆಗಳನ್ನು ಓದಬಲ್ಲವರಿಗೆ ಕೋವಿಯೇ ಇದನ್ನು ತಿಳಿಸುತ್ತದೆ. ಬರ್ಮಿಂಗ್‌ಹ್ಯಾಮ್ ಪರೀಕ್ಷಾಲಯದ ಕಿರೀಟದ ಕೆಳಗೆ ಎನ್‌ಪಿ ಎಂಬ ಅಕ್ಷರಗಳಿದ್ದರೆ ಹೊಗೆಯಿಲ್ಲದ ಮದ್ದಿಗೆ ಪರೀಕ್ಷೆಯಾಗಿದೆ ಎಂದರ್ಥ, ಆ ಮುದ್ರೆ 1904ರ ನಿಯಮಗಳಿಂದ ಬಂದದ್ದು. ಆದರೆ ಮನೆಯ ಎಲ್ಲರೂ ನಳಿಗೆ ಬಿಚ್ಚಿ ಮುದ್ರೆ ಓದುವವರಲ್ಲ. ಆ ಕಾರ್ಡನ್ನು ಯಾರು ಬೇಕಾದರೂ ಓದಬಹುದು. ಅದರ ಫೋಟೋ ತೆಗೆದು, ದೊಡ್ಡ ಅಕ್ಷರದಲ್ಲಿ ಕನ್ನಡದಲ್ಲಿ ಬರೆದು ಕಪಾಟಿನ ಬಾಗಿಲಿನ ಒಳಬದಿಗೆ ಅಂಟಿಸಿದ್ದೇನೆ. ಪೆಟ್ಟಿಗೆಯನ್ನು ಉಳಿಸಿದ್ದಕ್ಕೆ ಇದೊಂದೇ ಕಾರಣ ಸಾಕಾಗಿತ್ತು ಎಂದು ನನಗನ್ನಿಸುತ್ತದೆ.

ಚೀಟಿಯ ಮೇಲಿನ ವಿಳಾಸ ಕಾಲವನ್ನೂ ಹೇಳುತ್ತದೆ. ಕೋವಿ ತಯಾರಿಸುವ ಲಂಡನ್ನಿನ ಪರ್ಡಿ ಸಂಸ್ಥೆ 1880ರ ದಶಕದ ಆರಂಭದಲ್ಲಿ ಆಕ್ಸ್‌ಫರ್ಡ್ ಸ್ಟ್ರೀಟ್ ಬಿಟ್ಟು ಸೌತ್ ಆಡ್ಲಿ ಸ್ಟ್ರೀಟ್‌ಗೆ ಹೋಯಿತು. ಹಾಗಾಗಿ ಹಳೆಯ ವಿಳಾಸದ ಚೀಟಿ ಕಂಡರೆ ಪೆಟ್ಟಿಗೆ ಅದಕ್ಕೂ ಹಿಂದಿನದೆಂದು ಊಹಿಸಬಹುದು. ಕೋಲ್ಕತ್ತದ ಮ್ಯಾಂಟನ್, ರೋಡ್ಡಾ ಎಂಬ ಕೋವಿ ಅಂಗಡಿಗಳ ಚೀಟಿಗಳೂ ದೇಶದ ಹಳೆಯ ಮನೆಗಳಲ್ಲಿ ಅಲ್ಲಲ್ಲಿ ಉಳಿದಿವೆ. 1914ರ ಆಗಸ್ಟ್‌ನಲ್ಲಿ ಬಂಗಾಳದ ಕ್ರಾಂತಿಕಾರಿಗಳು 50 ಮೌಸರ್ ಪಿಸ್ತೂಲುಗಳನ್ನು ಸಾಗಿಸಿಕೊಂಡು ಹೋದದ್ದು ಇದೇ ರೋಡ್ಡಾ ಅಂಗಡಿಗೆ ಬಂದ ಸರಕಿನಿಂದ. ಅಂಥ ಚೀಟಿಯನ್ನು ಬಿಸಿನೀರು ಹಾಕಿ ಕಿತ್ತು ಚೌಕಟ್ಟು ಹಾಕಿಸಿದ ಒಬ್ಬರನ್ನು ನಾನು ಬಲ್ಲೆ. ದಯವಿಟ್ಟು ಹಾಗೆ ಮಾಡಬೇಡಿ. ಪೆಟ್ಟಿಗೆಯಿಂದ ಬೇರೆಯಾದ ಚೀಟಿ ಯಾವ ಕೋವಿಯದೆಂದು ಮುಂದೆ ಯಾರಿಂದಲೂ ಹೇಳಲಾಗುವುದಿಲ್ಲ. ಹಳೆಯದರಂತೆ ಮುದ್ರಿಸಿದ ಹೊಸ ಚೀಟಿಗಳೂ ಮಾರಾಟಕ್ಕೆ ಸಿಗುತ್ತವೆ. ಅವನ್ನು ಅಂಟಿಸಿದ ಪೆಟ್ಟಿಗೆಗಳಿಂದಾಗಿ ನಿಜವಾದ ಪೆಟ್ಟಿಗೆಗಳನ್ನೂ ಜನ ಅನುಮಾನದಿಂದ ನೋಡುವಂತಾಗಿದೆ.

ರಟ್ಟಿನ ಪೆಟ್ಟಿಗೆಯ ವಿಷಯದಲ್ಲಿ ನನ್ನ ನಿರ್ಧಾರ ಬೇರೆ. ಅದರ ತುದಿಯಲ್ಲಿ ಕೋವಿಯ ಸಂಖ್ಯೆ ಬರೆದ ಚೀಟಿಯಿತ್ತು, ಒಳಗೆ ಖರೀದಿಯ ಬಿಲ್ಲೂ ಕೈಪಿಡಿಯೂ ಇದ್ದವು. ರಟ್ಟಿಗೆ ಆಗಲೇ ಗೆದ್ದಲು ಹತ್ತಿತ್ತು. ಗೆದ್ದಲು ಹಿಡಿದ ರಟ್ಟನ್ನು ಕೋವಿಯಿರುವ ಕೋಣೆಯಲ್ಲಿ ಉಳಿಸುವುದೆಂದರೆ ಮರದ ಹಿಡಿಗಳಿಗೆ ಅಪಾಯ ತಂದುಕೊಂಡಂತೆ. ಪೆಟ್ಟಿಗೆಯ ಎಲ್ಲ ಬದಿಗಳ ಫೋಟೋ ತೆಗೆದು, ಚೀಟಿಯಿದ್ದ ಬದಿಯನ್ನು ಅಗಲವಾಗಿ ಕತ್ತರಿಸಿ, ಚೆನ್ನಾಗಿ ಒಣಗಿಸಿ, ಬಿಲ್ಲು ಮತ್ತು ಕೈಪಿಡಿಯ ಜೊತೆಗೆ ಒಂದೇ ಲಕೋಟೆಯಲ್ಲಿಟ್ಟೆ. ಉಳಿದದ್ದನ್ನು ತೋಟದಲ್ಲೇ ಸುಟ್ಟೆ. ಅದನ್ನು ಕಸದ ಗಾಡಿಗೆ ಹಾಕಲಿಲ್ಲ, ಏಕೆಂದರೆ ಕೋವಿ ಕಂಪನಿಯ ಹೆಸರಿರುವ ಪೆಟ್ಟಿಗೆ ಗೇಟಿನ ಹೊರಗೆ ಬಿದ್ದಿದ್ದರೆ ಈ ಮನೆಯಲ್ಲಿ ಏನಿದೆ ಎಂದು ಬೀದಿಗೆಲ್ಲ ಸಾರಿದಂತಾಗುತ್ತದೆ. ಮುಂದೆ ಕೋವಿಯ ಹಕ್ಕು ತಂದೆಯ ಹೆಸರಿನಿಂದ ಮಗನ ಹೆಸರಿಗೆ ಬದಲಾಗುವಾಗ ಆ ಲಕೋಟೆ ನಮಗೆ ಬಹಳ ಉಪಕಾರ ಮಾಡಿತು: ನಳಿಗೆಯ ಮೇಲಿನ ಸಂಖ್ಯೆಯ ಒಂದು ಅಂಕಿ ಸವೆದು ಮೂರೋ ಎಂಟೋ ತಿಳಿಯದಂತಾಗಿದ್ದಾಗ, ಬಿಲ್ಲೂ ಚೀಟಿಯೂ ಒಂದೇ ಅಂಕಿಯನ್ನು ಹೇಳಿದವು. ರಟ್ಟು ಗಟ್ಟಿಯಾಗಿದ್ದು, ಕೋವಿ ಅಪರೂಪದ್ದಾಗಿದ್ದರೆ ಇಡೀ ಪೆಟ್ಟಿಗೆಯನ್ನೇ ಉಳಿಸಿಕೊಳ್ಳುವುದು ಸರಿ. ಅಮೆರಿಕದಲ್ಲಿ ಹಳೆಯ ವಿಂಚೆಸ್ಟರ್ ಕೋವಿಗಳ ರಟ್ಟಿನ ಪೆಟ್ಟಿಗೆಗಳನ್ನೇ ಸಂಗ್ರಹಿಸುವವರಿದ್ದಾರೆ.

ಕೋವಿಯನ್ನು ಹೊರಗೆ ಒಯ್ಯುವಾಗಲೂ ನಾನು ಮೂಲ ಪೆಟ್ಟಿಗೆಯನ್ನು ಬಳಸುವುದಿಲ್ಲ. ಚುನಾವಣೆ ಘೋಷಣೆಯಾದಾಗ ಕೋವಿಯನ್ನು ಠಾಣೆಗೋ ಅಧಿಕೃತ ಡೀಲರ್ ಬಳಿಗೋ ಒಪ್ಪಿಸಬೇಕಾಗಿ ಬಂದ ಸಂದರ್ಭಗಳಿವೆ. ಅಲ್ಲಿ ನೂರಾರು ಕೋವಿಗಳ ನಡುವೆ ಯಾರ ಪೆಟ್ಟಿಗೆಯನ್ನು ಯಾರು ಜೋಪಾನ ಮಾಡಿಯಾರು? ಪರಿಚಯದವರೊಬ್ಬರಿಗೆ ಕೋವಿ ಮರಳಿ ಸಿಕ್ಕಿತು, ಅದರ ಚರ್ಮದ ಪೆಟ್ಟಿಗೆ ಸಿಗಲಿಲ್ಲ. ರಸೀದಿಯಲ್ಲಿ ಕೋವಿಯ ಸಂಖ್ಯೆ ಮಾತ್ರ ಬರೆದಿದ್ದರಿಂದ ಕೇಳಲೂ ಆಧಾರವಿರಲಿಲ್ಲ. ಹೀಗಾಗಿ ಗುರುತುಗಳಿಲ್ಲದ ದಪ್ಪ ಕ್ಯಾನ್ವಾಸಿನ ಚೀಲವನ್ನು ಹೊಲಿಸಿಕೊಂಡಿದ್ದೇನೆ. ತಲುಪಿದ ಕೂಡಲೇ ಕೋವಿಯನ್ನು ಅದರಿಂದ ಹೊರಗೆ ತೆಗೆಯುತ್ತೇನೆ, ಮಳೆಯಲ್ಲಿ ನೆನೆದ ಚೀಲದಲ್ಲಿ ಒಂದು ರಾತ್ರಿ ಬಿಟ್ಟರೂ ಸಾಕು, ತುಕ್ಕು ಕಾಣಿಸಿಕೊಳ್ಳುತ್ತದೆ. ಬೆಂಗಳೂರಿನಲ್ಲಿ ಟ್ರ್ಯಾಪ್ ಶೂಟಿಂಗ್ (ಹಾರುವ ಬಿಲ್ಲೆಗೆ ಗುಂಡು ಹೊಡೆಯುವ ಸ್ಪರ್ಧೆ) ಅಭ್ಯಾಸ ಮಾಡುವ ನನ್ನ ಚಿಕ್ಕಪ್ಪನ ಮಗನಿಗೆ ಇದು ಒಪ್ಪುವುದಿಲ್ಲ. ಅವನ ಇಟಲಿಯ ಕೋವಿ ಗಟ್ಟಿ ಪ್ಲಾಸ್ಟಿಕ್ ಕೇಸಿನಲ್ಲೇ ಓಡಾಡುತ್ತದೆ. ವಿಮಾನದಲ್ಲಿ ಸಾಗಿಸಬೇಕಾದ ಸ್ಪರ್ಧಿಗೆ ಬೀಗ ಹಾಕಬಹುದಾದ ಗಟ್ಟಿ ಕೇಸು ಬೇಕೇ ಬೇಕು, ನಳಿಗೆಯ ಬಾಯಿಗೆ ಹಾಕುವ ಚೋಕ್‌ಗಳೂ ಅವುಗಳ ಕೀಲಿಯೂ ಅದರಲ್ಲೇ ಇರುತ್ತವೆ. ಅವನಿಗೆ ಆ ಕೇಸು ದಾಖಲೆಯಲ್ಲ, ದಿನಬಳಕೆಯ ಸಾಧನ. ಒಡೆದರೆ ಇನ್ನೊಂದು ತರಬಹುದು. ಮನೆಗೆ ಬಂದ ಮೇಲೆ ಕೋವಿಯನ್ನು ಹೊರಗೆ ತೆಗೆದು ಕೇಸನ್ನು ತೆರೆದಿಡು ಎಂದಷ್ಟೇ ಅವನಿಗೆ ಹೇಳುತ್ತೇನೆ.

ಗ್ರೀನರ್ ಕೋವಿ ತನ್ನ ಪೆಟ್ಟಿಗೆಗೆ ಮರಳುವುದು ವರ್ಷಕ್ಕೊಮ್ಮೆ, ಅದೂ ಸ್ವಲ್ಪ ಹೊತ್ತು. ಸೆಪ್ಟೆಂಬರ್ ಮೊದಲ ವಾರದ ಕೈಲ್ ಮುಹೂರ್ತದಂದು (ಕೊಡವರ ಆಯುಧಪೂಜೆ) ಕೋವಿಗಳನ್ನು ದೀಪದ ಮುಂದಿಟ್ಟು, ಗಂಧ ಹಚ್ಚಿ, ನಳಿಗೆಯ ಬಾಯಿಗೆ ತೋಕ್ ಪೂ (ಕೋವಿ ಹೂ) ಸಿಕ್ಕಿಸಿ ಪೂಜಿಸುತ್ತೇವೆ. ಆ ದಿನ ಮನೆಯ ಮಕ್ಕಳಿಗೆ ಪೆಟ್ಟಿಗೆಯಲ್ಲಿ ಯಾವ ಭಾಗ ಎಲ್ಲಿ ಕೂರುತ್ತದೆ ಎಂದು ತೋರಿಸುತ್ತೇನೆ: ಮೊದಲು ಕೋವಿ ಖಾಲಿಯಿದೆಯೆಂದು ನೋಡುವುದು, ಆಮೇಲೆ ನಳಿಗೆಯ ಅಡಿಯ ಮುಂಗೈಮರ ಕಳಚುವುದು, ನಳಿಗೆ ಬಿಚ್ಚುವುದು, ಒಂದೊಂದನ್ನೂ ಅದರದರ ಖಾನೆಯಲ್ಲಿ ಮಲಗಿಸುವುದು. ಕೋವಿ ಬಿಚ್ಚುವ ಕ್ರಮವನ್ನು ಕಲಿಸಲು ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ಪೂಜೆ ಮುಗಿದ ಮೇಲೆ ಹೂವಿನ ತೊಟ್ಟಿನ ನೀರನ್ನೂ ಗಂಧವನ್ನೂ ಅದೇ ಸಂಜೆ ಒರೆಸಿ ತೆಗೆಯುತ್ತೇನೆ, ಗಂಧ ಒಣಗಿ ಗಟ್ಟಿಯಾದರೆ ಅದರ ಅಡಿಯಲ್ಲೇ ತುಕ್ಕು ಕೂರುತ್ತದೆ.

ಖಾಲಿ ಪೆಟ್ಟಿಗೆಗೂ ಆರೈಕೆ ಬೇಕು. ಕಾಫಿ ಕೊಯ್ಲು ಶುರುವಾಗಿ ಒಣಹವೆ ಬಂದಾಗ ಅದನ್ನು ಜಗಲಿಯ ನೆರಳಿನಲ್ಲಿ ಮುಚ್ಚಳ ತೆರೆದು ಇಡುತ್ತೇನೆ. ನೇರ ಬಿಸಿಲು ಬಿದ್ದರೆ ಚರ್ಮ ಬಿರಿಯುತ್ತದೆ, ಉಣ್ಣೆಬಟ್ಟೆಯ ಬಣ್ಣ ಮಾಸುತ್ತದೆ. ಬೂಷ್ಟನ್ನು ಒದ್ದೆಬಟ್ಟೆಯಿಂದ ಒರೆಸಿದರೆ ಇನ್ನಷ್ಟು ಹರಡುವುದರಿಂದ ಒಣ ಬ್ರಷ್ಷಿನಿಂದ ಮನೆಯ ಹೊರಗೆ ಕೊಡವುತ್ತೇನೆ. ಕೊಬ್ಬರಿ ಎಣ್ಣೆಯನ್ನು ಚರ್ಮಕ್ಕೂ ಹಚ್ಚುವುದಿಲ್ಲ, ಕೋವಿಗೂ ಹಚ್ಚುವುದಿಲ್ಲ: ಚರ್ಮದಲ್ಲಿ ಅದು ಕಮಟಿ ವಾಸನೆ ಬರುತ್ತದೆ, ಕೋವಿಯ ಕೀಲುಗಳಲ್ಲಿ ಅಂಟಾಗುತ್ತದೆ. ಚರ್ಮಕ್ಕೆ ಮೇಣದ ತೆಳುವಾದ ಲೇಪ ಸಾಕು. ನುಸಿಗೆ ಹೆದರಿ ನ್ಯಾಫ್ತಲಿನ್ ಗುಳಿಗೆ ಹಾಕುವವರಿದ್ದಾರೆ, ಅದರ ಆವಿ ಮುಚ್ಚಿದ ಪೆಟ್ಟಿಗೆಯಲ್ಲಿ ಎಲ್ಲೆಂದರಲ್ಲಿ ಹರಳುಗಟ್ಟುವುದರಿಂದ ನಾನು ಹಾಕುವುದಿಲ್ಲ. ಆಗಾಗ ತೆರೆದು ಗಾಳಿಯಾಡಿಸಿ, ಬಟ್ಟೆಯ ಮೂಲೆಗಳನ್ನು ಮೃದುವಾದ ಬ್ರಷ್ಷಿನಿಂದ ಗುಡಿಸಿದರೆ ನುಸಿ ನಿಲ್ಲುವುದಿಲ್ಲ. ಹಿಡಿಕೆಯ ಪಟ್ಟಿ ಹರಿದಾಗ ಮೈಸೂರಿನ ಚರ್ಮದ ಕೆಲಸದವರೊಬ್ಬರಿಂದ ಹಳೆಯ ತೂತುಗಳಲ್ಲೇ ಲಿನನ್ ದಾರ ಹಾಯಿಸಿ ಹೊಲಿಸಿದೆ. ಹೊಸ ಪಟ್ಟಿ ಹಾಕಿದರೆ ಚೆನ್ನಾಗಿ ಕಾಣುತ್ತದೆ ಎಂದು ಅವರು ಹೇಳಿದರು, ಆದರೆ ಮೊದಲಿನ ಚರ್ಮವನ್ನೇ ಉಳಿಸಿಕೊಡಿ ಎಂದು ಕೇಳಿಕೊಂಡೆ. ಈಗ ಆ ಹಿಡಿಕೆ ಖಾಲಿ ಪೆಟ್ಟಿಗೆಯ ಭಾರವನ್ನು ತಡೆಯುತ್ತದೆ. ಕೋವಿಯಿಟ್ಟಾಗ ಎರಡೂ ಕೈ ಅಡಿಗೆ ಕೊಟ್ಟು ಎತ್ತಬೇಕೆಂದು ಮನೆಯವರಿಗೆಲ್ಲ ಹೇಳಿಟ್ಟಿದ್ದೇನೆ.